ಊಟದ ಮೇಜಿನಲ್ಲೂ ಇಂಗ್ಲಿಷೇ ಮಾತಾಡಬೇಕಂತೆ! ಕಾನೂನು ಏನನ್ನುತ್ತದೆ?

ಪ್ರಶ್ನೆ: ನಾನು ತುಮಕೂರಿನವನು. ಐದು ವರ್ಷದಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ, ಎಚ್‌1ಬಿ ವೀಸಾ, ಅಂದರೆ ಕೆಲಸಕ್ಕೆ ಕಟ್ಟಿಹಾಕಿದ ವೀಸಾ. ಕೆಲಸ ಒಂದು ಸಣ್ಣ ಟೆಸ್ಟಿಂಗ್ ಲ್ಯಾಬ್‌ನಲ್ಲಿ, ಒಟ್ಟು 12 ಜನ. ಹಾಸನದ ಸಹೋದ್ಯೋಗಿಯೊಬ್ಬರು ಇದ್ದಾರೆ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ಇಬ್ಬರೂ ಕನ್ನಡದಲ್ಲೇ ಹರಟುತ್ತೇವೆ. ಮಾರ್ಚ್‌ನಲ್ಲಿ ಮ್ಯಾನೇಜರ್ ಎಲ್ಲರಿಗೂ ಈಮೇಲ್ ಹಾಕಿದರು: ಆಫೀಸಿನ ಒಳಗೆ ಯಾವ ಹೊತ್ತಿನಲ್ಲೂ ಇಂಗ್ಲಿಷ್ ಮಾತ್ರ. ಊಟದ ಹೊತ್ತಿಗೂ ಅದೇನಾ ಎಂದು ಕೇಳಿದೆ. ಯಾವ ಹೊತ್ತಿನಲ್ಲೂ ಅಂದರೆ ಯಾವ ಹೊತ್ತಿನಲ್ಲೂ ಎಂದರು. ಎರಡು ತಿಂಗಳಾದ ಮೇಲೆ ನನ್ನ ರಿವ್ಯೂನಲ್ಲಿ ‘ಆಕ್ಸೆಂಟ್‌ನಿಂದ ಗ್ರಾಹಕರಿಗೆ ತೊಂದರೆ’ ಎಂದು ಬರೆದಿದ್ದಾರೆ. ಐದು ವರ್ಷದಲ್ಲಿ ಇದೇ ಮೊದಲು. ಹೆಂಡತಿ ಸುಮ್ನಿರಿ ಅನ್ನುತ್ತಾಳೆ. ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನ ಗೆಳೆಯ, ನಮ್ಮ ಕಂಪನಿಯಲ್ಲೂ ಹೀಗೇ ಆಯ್ತು, ಏನೂ ಮಾಡೋಕಾಗಲ್ಲ ಅಂದ. ನಿಜವೇ? ದೂರು ಕೊಟ್ಟರೆ ವೀಸಾಗೆ ಕುತ್ತು ಬರುತ್ತದಾ? ಇನ್ನೊಂದು ಮಾತು: ಇಲ್ಲಿ ನಮ್ಮವರೇ ಕೆಲವರು ಜಾತಿ ಕೆದಕುತ್ತಾರೆ. ಅದಕ್ಕೂ ಕಾನೂನು ಇದೆಯಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಊಟದ ಹೊತ್ತಿನಲ್ಲಿ ನೀವು ಯಾವ ಭಾಷೆ ಮಾತಾಡಬೇಕು ಎಂದು ಹೇಳುವ ಅಧಿಕಾರ ನಿಮ್ಮ ಮ್ಯಾನೇಜರ್‌ಗೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇದು ಚರ್ಚೆಯ ವಿಷಯವೇ ಅಲ್ಲ. ಊಟ, ಬಿಡುವು, ಸಂಬಳವಿಲ್ಲದೆ ಹೋಗುವ ಕಂಪನಿ ಪಾರ್ಟಿ, ಇಂಥ ಹೊತ್ತಿನಲ್ಲಿ ‘ಇಂಗ್ಲಿಷ್ ಮಾತ್ರ’ ಅನ್ನುವ ನಿಯಮ ಯಾವತ್ತೂ ಕಾನೂನುಬದ್ಧವಲ್ಲ ಎಂದು ಇಲ್ಲಿನ ರಾಜ್ಯ ನಿಯಮಾವಳಿಯಲ್ಲಿ ಬರೆದೇ ಇದೆ. ‘ಸಾಮಾನ್ಯವಾಗಿ’ ಅಂತಲ್ಲ, ‘ಯಾವತ್ತೂ’ ಅಂತಲೇ. ಕಾನೂನು ಇಷ್ಟು ಖಡಕ್ಕಾಗಿ ಮಾತಾಡುವುದು ಅಪರೂಪ, ನಮ್ಮಂಥ ವಕೀಲರಿಗೆ ಎಲ್ಲ ಕಡೆ ‘ಆದರೆ’ಗಳೇ ಸಿಗುತ್ತವೆ.

ಹಾಗಾದರೆ ನಿಮ್ಮ ಡಲ್ಲಾಸ್ ಗೆಳೆಯ ಸುಳ್ಳು ಹೇಳಿದರಾ? ಇಲ್ಲ. ಅವರು ಅವರ ರಾಜ್ಯದ ಕಥೆ ಹೇಳಿದರು, ನೀವು ಅದನ್ನು ನಿಮ್ಮದು ಅಂದುಕೊಂಡಿರಿ. ನಮ್ಮವರು ಜಾಸ್ತಿ ಎಡವುವುದು ಇಲ್ಲೇ. ಭಾರತದಲ್ಲಿ ಪೌರಹಕ್ಕು ಅಂದ ಕೂಡಲೇ ಕೇಂದ್ರದ ಕಾಯಿದೆ ನೆನಪಾಗುತ್ತದೆ, ಅದು ಬೀದರ್‌ನಲ್ಲೂ ಒಂದೇ, ಭೋಪಾಲ್‌ನಲ್ಲೂ ಒಂದೇ. ಅಮೆರಿಕದಲ್ಲಿ ಹಾಗಲ್ಲ. ಇಲ್ಲಿ ಇದು ಎರಡಂತಸ್ತಿನ ಮನೆ. ಕೆಳಗಿನದು ಕೇಂದ್ರದ್ದು, ಎಲ್ಲರಿಗೂ ಒಂದೇ. ಮೇಲಿನದನ್ನು ಆಯಾ ರಾಜ್ಯ ತನಗೆ ಬೇಕಾದ ಹಾಗೆ ಕಟ್ಟಿಕೊಳ್ಳುತ್ತದೆ. ಕೆಲವರು ದೊಡ್ಡದಾಗಿ ಕಟ್ಟಿದ್ದಾರೆ. ಕೆಲವರು ಶೀಟು ಹೊದಿಸಿ ಬಿಟ್ಟಿದ್ದಾರೆ.

ನಿಮ್ಮ ಲ್ಯಾಬ್‌ನ 12 ಜನದ ಲೆಕ್ಕವನ್ನೇ ತಗೊಳ್ಳಿ. ಉದ್ಯೋಗದಲ್ಲಿ ತಾರತಮ್ಯ ಮಾಡಬಾರದು ಎನ್ನುವ ಕೇಂದ್ರದ ಮುಖ್ಯ ಕಾನೂನು 1964 ರ ಸಿವಿಲ್ ರೈಟ್ಸ್ ಆಕ್ಟ್‌ನ ಏಳನೇ ಭಾಗ, ಎಲ್ಲರೂ ‘ಟೈಟಲ್ ಸೆವೆನ್’ ಅನ್ನುವುದು ಅದಕ್ಕೇ. ಅದು ಅನ್ವಯವಾಗಬೇಕಾದರೆ ಕಂಪನಿಯಲ್ಲಿ ಕನಿಷ್ಠ 15 ಜನ ಇರಬೇಕು. ಟೆಕ್ಸಾಸ್ ರಾಜ್ಯದ ಕಾನೂನಿಗೂ ಅದೇ 15. ಅಂದರೆ ನಿಮ್ಮ ಲ್ಯಾಬನ್ನು ಎತ್ತಿ ಹಾಗೇ ಡಲ್ಲಾಸ್‌ನಲ್ಲಿಟ್ಟರೆ ಈ ಎರಡು ಕಾನೂನೂ ನಿಮ್ಮ ಕಡೆ ತಿರುಗಿ ನೋಡುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಐದು ಜನ ಇದ್ದರೆ ಸಾಕು. ಕಿರುಕುಳದ ದೂರಿಗಾದರೆ ಒಬ್ಬರೇ ನೌಕರರಿದ್ದರೂ ಆಯ್ತು. ನಿಮ್ಮನ್ನು ಕಾಯುವ ಆ ಕಾನೂನಿನ ಹೆಸರು ಫೇರ್ ಎಂಪ್ಲಾಯ್‌ಮೆಂಟ್ ಆಂಡ್ ಹೌಸಿಂಗ್ ಆಕ್ಟ್. ಇಲ್ಲಿ ಎಲ್ಲರ ಬಾಯಲ್ಲೂ ‘ಫೀಹಾ’.

ಭಾಷೆಯ ವಿಷಯಕ್ಕೆ ಬಂದರೆ ಎರಡು ಹಳೆಯ ಕೇಸು ಹೇಳಬೇಕು, ಯಾಕೆಂದರೆ ಒಂದು ನಿಮ್ಮ ಗೆಳೆಯನ ರಾಜ್ಯದ್ದು, ಇನ್ನೊಂದು ನಿಮ್ಮ ಮನೆಯಿಂದ ಅರ್ಧ ಮುಕ್ಕಾಲು ಗಂಟೆ ದೂರದ್ದು. ಟೆಕ್ಸಾಸ್‌ನ ಬ್ರೌನ್ಸ್‌ವಿಲ್‌ನಲ್ಲಿ ಮರಮುಟ್ಟು ಮಾರುವ ಅಂಗಡಿಯೊಂದಿತ್ತು. ಅಲ್ಲಿನ ಸೇಲ್ಸ್‌ಮನ್ ಒಬ್ಬ ಜೊತೆಗಾರನ ಪ್ರಶ್ನೆಗೆ ಸ್ಪ್ಯಾನಿಷ್‌ನಲ್ಲಿ ಉತ್ತರ ಕೊಟ್ಟ, ಅದಾದ ಮೇಲೆ ಕೆಲಸ ಹೋಯಿತು. 1980 ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ಕೋರ್ಟು ಅಂಗಡಿಯ ಪರ ತೀರ್ಪು ಕೊಟ್ಟಿತು. ಕಾರಣ ಏನು ಗೊತ್ತಾ? ಆತನಿಗೆ ಇಂಗ್ಲಿಷೂ ಬರುತ್ತಿತ್ತು! ಎರಡು ಭಾಷೆ ಬರುವವನು ಯಾವುದನ್ನು ಮಾತಾಡಬೇಕು ಎನ್ನುವುದು ಅವನ ಆಯ್ಕೆ, ಆಯ್ಕೆಗೆ ನಿರ್ಬಂಧ ಹಾಕಿದರೆ ಅದು ರಾಷ್ಟ್ರೀಯ ಮೂಲದ ಆಧಾರದ ತಾರತಮ್ಯ ಆಗುವುದಿಲ್ಲ ಎಂಬ ವಾದ.

ಎರಡನೆಯದು ಸೌತ್ ಸ್ಯಾನ್‌ಫ್ರಾನ್ಸಿಸ್ಕೋದ ಸ್ಪನ್ ಸ್ಟೀಕ್ ಎಂಬ ಮಾಂಸದ ಕಂಪನಿಯದು. ಅಲ್ಲಿ 33 ಜನ ಕೆಲಸಗಾರರು, ಅದರಲ್ಲಿ 24 ಜನಕ್ಕೆ ಸ್ಪ್ಯಾನಿಷ್ ಬರುತ್ತಿತ್ತು. ಇಬ್ಬರು ತಮ್ಮ ಸಹೋದ್ಯೋಗಿಗಳ ಜನಾಂಗ ಎತ್ತಿ ಹೀಯಾಳಿಸಿದರು ಎಂಬ ದೂರು ಬಂತು. ಕಂಪನಿ ಕೆಲಸದ ವೇಳೆ ಇಂಗ್ಲಿಷ್ ಮಾತ್ರ ಎಂದು ನಿಯಮ ಮಾಡಿತು. ಊಟಕ್ಕೂ ಬಿಡುವಿಗೂ ವಿನಾಯಿತಿ ಇತ್ತು, ಅದನ್ನು ಗಮನಿಸಿ, ನಿಮ್ಮ ಮ್ಯಾನೇಜರ್ ಅವರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. 1993 ರಲ್ಲಿ ಒಂಬತ್ತನೇ ಸರ್ಕಿಟ್ ಕೋರ್ಟು, ಅಂದರೆ ಈ ಕಡೆಯ ಫೆಡರಲ್ ಮೇಲ್ಮನವಿ ಕೋರ್ಟು, ಎರಡೂ ಭಾಷೆ ಬರುವವರ ವಿಷಯದಲ್ಲಿ ಕಂಪನಿಯ ಪರವೇ ನಿಂತಿತು. ಸುಪ್ರೀಂ ಕೋರ್ಟು ಮರುವರ್ಷ ಕೇಸನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ಅಂದರೆ ಕೇಂದ್ರದ ಕಾನೂನನ್ನೇ ನಂಬಿ ಕೂತಿದ್ದರೆ ಕ್ಯಾಲಿಫೋರ್ನಿಯಾದಲ್ಲೂ ಕಥೆ ಅಷ್ಟೇ ಆಗುತ್ತಿತ್ತು. ಆದರೆ 2001 ರಲ್ಲಿ ಇಲ್ಲಿನ ಶಾಸಕರು ಫೀಹಾಗೆ ಹೊಸದೊಂದು ಸೆಕ್ಷನ್ ಸೇರಿಸಿದರು, ಮರುವರ್ಷ ಜಾರಿಗೆ ಬಂತು. ಅದರ ಪ್ರಕಾರ ಕೆಲಸದ ಜಾಗದಲ್ಲಿ ಭಾಷೆಗೆ ನಿರ್ಬಂಧ ಹಾಕುವುದೇ ತಪ್ಪು. ಹಾಕಲೇಬೇಕು ಅಂದರೆ ಅದಿಲ್ಲದೆ ಕೆಲಸ ಸುರಕ್ಷಿತವಾಗಿ, ಸರಿಯಾಗಿ ನಡೆಯುವುದಿಲ್ಲ, ಬೇರೆ ದಾರಿಯೂ ಇಲ್ಲ ಎಂದು ಕಂಪನಿಯೇ ತೋರಿಸಬೇಕು. ಜೊತೆಗೆ ಯಾವ ಹೊತ್ತಿಗೆ, ಯಾವ ಸಂದರ್ಭಕ್ಕೆ ನಿಯಮ, ಮುರಿದರೆ ಏನಾಗುತ್ತದೆ ಎನ್ನುವುದನ್ನು ನೌಕರರಿಗೆ ಮೊದಲೇ ತಿಳಿಸಿರಬೇಕು. ನೀವು ಏನನ್ನೂ ಸಾಬೀತು ಮಾಡಬೇಕಿಲ್ಲ, ಹೊರೆ ಅವರದು. ನಿಮಗೆ ಇಂಗ್ಲಿಷ್ ಬರುತ್ತದಲ್ಲ ಎನ್ನುವ ಬ್ರೌನ್ಸ್‌ವಿಲ್ ವಾದಕ್ಕೆ ಈ ಸೆಕ್ಷನ್‌ನಲ್ಲಿ ಜಾಗವಿಲ್ಲ.

ಕ್ಯಾಲಿಫೋರ್ನಿಯಾ ಮೊದಲಿನಿಂದ ಹೀಗೇ ಸಜ್ಜನ ರಾಜ್ಯ ಅಂದುಕೊಳ್ಳಬೇಡಿ, ಇದೇ ರಾಜ್ಯ 1913 ರಲ್ಲಿ ಪೌರತ್ವ ಸಿಗದ ವಿದೇಶಿಯರು ಹೊಲ ಕೊಳ್ಳಬಾರದು ಎಂದು ಕಾನೂನು ಮಾಡಿತ್ತು, ಮೊದಲು ಜಪಾನಿಗಳನ್ನು ಗುರಿ ಮಾಡಿದ ಆ ಕಾನೂನು 1923 ರಲ್ಲಿ ಭಾರತೀಯರಿಗೆ ಪೌರತ್ವ ಇಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ ಇಲ್ಲಿನ ಪಂಜಾಬಿ ರೈತರ ಕುತ್ತಿಗೆಗೂ ಬಂತು. 1952 ರವರೆಗೂ ಅದು ಇತ್ತು. 1959 ರಲ್ಲಿ ಉದ್ಯೋಗದ ತಾರತಮ್ಯದ ವಿರುದ್ಧ ಕಾನೂನು ಬಂತು, ಕೇಂದ್ರಕ್ಕಿಂತ ಐದು ವರ್ಷ ಮೊದಲು. 1963 ರಲ್ಲಿ ಮನೆ ಬಾಡಿಗೆ, ಮಾರಾಟಕ್ಕೂ ಬಂತು. ಮರುವರ್ಷವೇ ಜನ ಮತ ಹಾಕಿ ಅದನ್ನು ಕಿತ್ತು ಹಾಕಿದರು! ಮೂರರಲ್ಲಿ ಎರಡು ಪಾಲಿನಷ್ಟು ಮತ ಬಿದ್ದಿತ್ತು. 1966 ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆ ಮತದಾನದ ಫಲವನ್ನೇ ರದ್ದು ಮಾಡಬೇಕಾಯಿತು, 1967 ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಸರಿ, ನಿಮ್ಮ ರಿವ್ಯೂಗೆ ಬರೋಣ. ಆಕ್ಸೆಂಟ್ ಕಾರಣಕ್ಕೆ ಒಬ್ಬರನ್ನು ಹಿಂದೆ ತಳ್ಳುವುದೂ ಫೀಹಾ ನಿಯಮದಲ್ಲಿ ತಪ್ಪು. ಒಂದೇ ವಿನಾಯಿತಿ ಇದೆ. ಆ ಉಚ್ಚಾರಣೆಯಿಂದ ಆ ಕೆಲಸ ಮಾಡುವುದಕ್ಕೇ ನಿಜವಾದ ಅಡ್ಡಿ ಆಗುತ್ತಿದೆ ಎಂದು ಕಂಪನಿ ತೋರಿಸಿದರೆ ಮಾತ್ರ. ನೀವು ಸ್ಯಾಂಪಲ್ ಟೆಸ್ಟ್ ಮಾಡಿ ವರದಿ ಬರೆಯುವವರಾದರೆ ಈ ವಾದ ನಿಲ್ಲುವುದು ಕಷ್ಟ. ದಿನವಿಡೀ ಫೋನಿನಲ್ಲಿ ಗ್ರಾಹಕರ ಜೊತೆ ಮಾತಾಡುವ ಕೆಲಸವಾದರೆ ಅವರಿಗೆ ಸ್ವಲ್ಪ ನೆಲೆ ಇದೆ, ಆದರೆ ಆಗಲೂ ಯಾವ ಗ್ರಾಹಕ, ಯಾವತ್ತು, ಏನು ಅರ್ಥವಾಗಲಿಲ್ಲ ಎಂದು ಹೇಳಬೇಕಾಗುತ್ತದೆ. ಐದು ವರ್ಷ ಅರ್ಥವಾದ ಉಚ್ಚಾರಣೆ ಆ ಈಮೇಲ್ ಬಂದ ಎರಡೇ ತಿಂಗಳಿಗೆ ಅರ್ಥವಾಗದೆ ಹೋಯಿತು ಅಂದರೆ ಯಾರಿಗಾದರೂ ಅನುಮಾನ ಬರುತ್ತದೆ ಅಲ್ವಾ?

ಇಲ್ಲಿ ನಿಮಗೆ ಇಷ್ಟವಾಗದ ಒಂದು ಮಾತು ಹೇಳಬೇಕು. ಸೇಡಿನ ಕೇಸು ಅಂತ ನೀವು ಅಂದುಕೊಂಡಿರಬಹುದು: ನಾನು ಕೇಳಿದೆ, ಅದಕ್ಕೇ ರಿವ್ಯೂ ಕೆಡಿಸಿದರು ಎಂದು. ಸೇಡು ತೀರಿಸಿಕೊಳ್ಳುವುದನ್ನು ಫೀಹಾ ಕಟ್ಟುನಿಟ್ಟಾಗಿ ತಡೆಯುತ್ತದೆ, ನಿಜ. ಆದರೆ ಆ ರಕ್ಷಣೆ ಶುರುವಾಗುವುದು ನೀವು ‘ಇದು ತಪ್ಪು’ ಎಂದು ಆಕ್ಷೇಪ ಎತ್ತಿದ ಮೇಲೆ. ‘ಊಟಕ್ಕೂ ಇದೇನಾ?’ ಎಂದು ನೀವು ಕೇಳಿದ್ದು ಬರೀ ಪ್ರಶ್ನೆ. ಅದೂ ಬಾಯಿಮಾತಿನಲ್ಲಿ ಕೇಳಿದ್ದು. ಹಾಗಾಗಿ ಆ ಎಳೆ ಸದ್ಯಕ್ಕೆ ತೆಳುವಾಗಿದೆ, ಆಕ್ಸೆಂಟ್‌ನ ಎಳೆ ಗಟ್ಟಿಯಾಗಿದೆ. ಒಂದು ಕೆಟ್ಟ ರಿವ್ಯೂ ಒಂದೇ ಇದ್ದರೆ ಕೋರ್ಟಿಗೆ ಅದು ಸಾಲದೆಯೂ ಹೋಗಬಹುದು. ಸಂಬಳ ಏರಿಕೆ ನಿಲ್ಲಿಸಿದರೆ, ಪ್ರಾಜೆಕ್ಟಿನಿಂದ ತೆಗೆದರೆ, ಮೀಟಿಂಗಿಗೆ ಕರೆಯುವುದನ್ನು ಬಿಟ್ಟರೆ ಲೆಕ್ಕ ಬದಲಾಗುತ್ತದೆ. ಇಂಥ ಸಣ್ಣ ಸಣ್ಣ ಏಟುಗಳನ್ನು ಒಂದೊಂದಾಗಿ ಅಲ್ಲ, ಒಟ್ಟಿಗೆ ಸೇರಿಸಿ ನೋಡಬೇಕು ಎಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು 2005 ರಲ್ಲೇ ಹೇಳಿದೆ.

ಅದಕ್ಕೇ ಈ ವಾರ ಒಂದು ಈಮೇಲ್ ಬರೆಯಿರಿ. ಮ್ಯಾನೇಜರ್‌ಗೆ, ಎಚ್‌ಆರ್ ನೋಡುವವರು ಯಾರಾದರೂ ಇದ್ದರೆ ಅವರಿಗೂ. ಇಂಗ್ಲಿಷಿನಲ್ಲಿ, ಐದಾರು ಸಾಲು, ಸಿಟ್ಟಿಲ್ಲದೆ. ಧಾಟಿ ಹೀಗಿರಲಿ: ‘ಮಾರ್ಚ್‌ನ ಇಂಗ್ಲಿಷ್ ಮಾತ್ರ ನಿಯಮ ಊಟದ ಹೊತ್ತಿಗೂ ಅನ್ವಯ ಎಂದು ತಾವು ತಿಳಿಸಿದ್ದೀರಿ. ಇದು ನಮ್ಮ ಮೂಲದ ಕಾರಣಕ್ಕೆ ಮಾಡುವ ತಾರತಮ್ಯ ಎಂದು ನನಗೆ ಅನ್ನಿಸುತ್ತದೆ, ರಾಜ್ಯದ ಕಾನೂನಿಗೂ ಹೊಂದುವುದಿಲ್ಲ. ರಿವ್ಯೂನಲ್ಲಿ ಆಕ್ಸೆಂಟ್ ಬಗ್ಗೆ ಬರೆದದ್ದಕ್ಕೂ ನನ್ನ ಆಕ್ಷೇಪವಿದೆ. ಎರಡನ್ನೂ ದಯವಿಟ್ಟು ಮತ್ತೆ ಪರಿಶೀಲಿಸಿ.’ ಅಷ್ಟೇ. ಸೆಕ್ಷನ್ ನಂಬರ್ ಬೇಕಿಲ್ಲ. ಧಮಕಿ ಬೇಡವೇ ಬೇಡ. ನನ್ನ ಅನುಭವದಲ್ಲಿ ಇಂಥ ನಿಯಮ ಬರೆದ ಮ್ಯಾನೇಜರ್‌ಗಳಲ್ಲಿ ಮುಕ್ಕಾಲು ಪಾಲು ಜನಕ್ಕೆ ಕಾನೂನೇ ಗೊತ್ತಿರುವುದಿಲ್ಲ. ಈ ಈಮೇಲನ್ನು ಯಾರೋ ಅವರ ವಕೀಲರಿಗೆ ಕಳಿಸುತ್ತಾರೆ, ನಾಲ್ಕು ದಿನಕ್ಕೆ ನಿಯಮ ಸದ್ದಿಲ್ಲದೆ ಮಾಯವಾಗುತ್ತದೆ. ಮಾಯವಾಗದಿದ್ದರೂ ನಷ್ಟವಿಲ್ಲ, ಆ ದಿನಾಂಕದಿಂದ ನಿಮ್ಮ ರಕ್ಷಣೆ ಶುರುವಾಯಿತು.

ಇನ್ನು ಮಾಡಬಾರದ್ದು. ಫೋನಿನಲ್ಲಿ ಕದ್ದು ರೆಕಾರ್ಡ್ ಮಾಡಬೇಡಿ! ನಮ್ಮವರಿಗೆ ಇದೊಂದು ಚಟ. ಕೆಲವು ವರ್ಷದ ಹಿಂದೆ ಸನ್ನಿವೇಲ್‌ನವರೊಬ್ಬರು ನನ್ನ ಹತ್ತಿರ ಬಂದರು, ಹೆಮ್ಮೆಯಿಂದ ಫೋನ್ ಮೇಜಿನ ಮೇಲಿಟ್ಟು ‘ಸಾರ್, ಎಲ್ಲಾ ರೆಕಾರ್ಡ್ ಇದೆ, ಹದಿನಾಲ್ಕು ಫೈಲ್’ ಅಂದರು. ನಾನು ಪ್ಲೇ ಮಾಡಬೇಡಿ ಎಂದು ಕೈ ಅಡ್ಡ ಹಿಡಿದೆ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಮಾತುಕತೆಯನ್ನು ರೆಕಾರ್ಡ್ ಮಾಡಲು ಮಾತಾಡುವ ಎಲ್ಲರ ಒಪ್ಪಿಗೆಯೂ ಬೇಕು. ಇಲ್ಲದಿದ್ದರೆ ಅದು ಅಪರಾಧ, ಮೇಲೆ ಎದುರು ಕಕ್ಷಿ ಒಂದೊಂದು ಉಲ್ಲಂಘನೆಗೆ 5,000 ಡಾಲರ್ ಕೇಳಬಹುದು. ಟೆಕ್ಸಾಸ್‌ನಲ್ಲಿ ಒಬ್ಬರ ಒಪ್ಪಿಗೆ ಸಾಕು, ಆ ಒಬ್ಬರು ನೀವೇ ಆಗಿರಬಹುದು. ನೋಡಿ, ಈ ವಿಷಯದಲ್ಲಿ ಗೆಳೆಯನ ರಾಜ್ಯ ನೌಕರನಿಗೆ ಅನುಕೂಲ, ನಿಮ್ಮದಲ್ಲ. ಸನ್ನಿವೇಲ್‌ನವರ ಕೇಸು ಒಳ್ಳೆಯದೇ ಇತ್ತು, ಆ ಹದಿನಾಲ್ಕು ಫೈಲಿನಿಂದಾಗಿ ಅರ್ಧ ಬೆಲೆಗೆ ರಾಜಿ ಆಯಿತು.

ಕಂಪನಿಯ ಕಾಗದಗಳನ್ನು ನಿಮ್ಮ ಜಿಮೇಲ್‌ಗೆ ಕಳಿಸಿಕೊಳ್ಳುವುದೂ ಬೇಡ. ಬದಲಿಗೆ ಒಂದು ನೋಟ್‌ಬುಕ್ ಇಡಿ. ದಿನಾಂಕ, ಗಂಟೆ, ಯಾರು ಏನಂದರು, ಯಾರಿದ್ದರು. ಅದೇ ದಿನ ಬರೆಯಿರಿ. ನಿಮ್ಮ ಹಳೆಯ ರಿವ್ಯೂಗಳೆಲ್ಲ ಬೇಕು ಅಂದರೆ ಕೇಳಿಯೇ ಪಡೆಯಬಹುದು: ನಿಮ್ಮ ಪರ್ಸನಲ್ ಫೈಲಿನ ನಕಲು ಕೊಡಿ ಎಂದು ಲಿಖಿತವಾಗಿ ಕೇಳಿದರೆ 30 ದಿನದಲ್ಲಿ ಕೊಡಬೇಕು, ಅದೂ ಈ ರಾಜ್ಯದ ಕಾನೂನೇ.

ಈಮೇಲ್‌ಗೆ ಉತ್ತರವೇ ಬರದಿದ್ದರೆ, ಇಲ್ಲವೇ ಕಾಟ ಜಾಸ್ತಿಯಾದರೆ ಕ್ಯಾಲಿಫೋರ್ನಿಯಾ ಸಿವಿಲ್ ರೈಟ್ಸ್ ಡಿಪಾರ್ಟ್‌ಮೆಂಟ್‌ಗೆ ದೂರು ಕೊಡಿ. 2022 ರವರೆಗೆ ಇದಕ್ಕೆ ಬೇರೆ ಹೆಸರಿತ್ತು, ಹಳೆಯ ಕಾಗದಗಳಲ್ಲಿ ಡಿಎಫ್‌ಇಎಚ್ ಅಂತ ಕಾಣುತ್ತದೆ, ಗಾಬರಿಯಾಗಬೇಡಿ, ಇಲಾಖೆ ಅದೇ. ಆನ್‌ಲೈನ್‌ನಲ್ಲಿ ಕೊಡಬಹುದು, ದುಡ್ಡಿಲ್ಲ. ಘಟನೆ ನಡೆದು ಮೂರು ವರ್ಷದೊಳಗೆ ಕೊಡಬೇಕು. ಮೊದಲು ಒಂದೇ ವರ್ಷ ಇತ್ತು, 2020 ರಿಂದ ಮೂರಾಯಿತು. ಇಲಾಖೆಯವರು ನಿಮ್ಮ ಜೊತೆ ಮಾತಾಡಿ, ದೂರನ್ನು ಬರೆಸಿ ಸಹಿ ಮಾಡಿಸಿಕೊಂಡು ಕಂಪನಿಗೆ ಕಳಿಸುತ್ತಾರೆ. ರಾಜಿ ಮಾಡಿಸುವ ವ್ಯವಸ್ಥೆಯೂ ಅಲ್ಲೇ ಇದೆ.

ಅರ್ಜಿ ತುಂಬುವಾಗ ಒಂದು ಕಡೆ ‘ತಕ್ಷಣ ರೈಟ್ ಟು ಸ್ಯೂ ನೋಟಿಸ್ ಬೇಕು’ ಎಂಬ ಆಯ್ಕೆ ಬರುತ್ತದೆ. ತಕ್ಷಣ ಅಂದ ಕೂಡಲೇ ನಮ್ಮ ಕೈ ಅಲ್ಲಿಗೇ ಹೋಗುತ್ತದೆ. ತಡೆಯಿರಿ. ಅದನ್ನು ಆರಿಸಿದರೆ ಇಲಾಖೆ ತನಿಖೆ ಮಾಡುವುದಿಲ್ಲ, ನಿಮಗೆ ನೇರವಾಗಿ ಕೋರ್ಟಿಗೆ ಹೋಗಲು ಚೀಟಿ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಅಲ್ಲಿಂದ ಒಂದೇ ವರ್ಷದ ಗಡುವು. ವಕೀಲರು ಗೊತ್ತಾದ ಮೇಲೆ ಅದು ಸರಿ, ಅದಕ್ಕೆ ಮುಂಚೆ ಅಲ್ಲ. ವಕೀಲರ ಫೀಸಿನ ಭಯ ಬೇಡ. ಈ ಕೇಸುಗಳಲ್ಲಿ ಬಹಳ ಮಂದಿ ಗೆದ್ದರೆ ಪಾಲು ಎನ್ನುವ ಲೆಕ್ಕದಲ್ಲಿ ಕೆಲಸ ಮಾಡುತ್ತಾರೆ, ಗೆದ್ದ ನೌಕರನಿಗೆ ಕಂಪನಿಯಿಂದಲೇ ವಕೀಲರ ಖರ್ಚು ಕೊಡಿಸಲು ಕಾನೂನಿನಲ್ಲಿ ಅವಕಾಶವಿದೆ. ಪರಿಹಾರಕ್ಕೆ ಕೇಂದ್ರದ ಕಾನೂನಿನಲ್ಲಿ ಮಿತಿ ಇದೆ, ಮನಸ್ಸಿಗಾದ ನೋವು, ದಂಡನೆಯ ಪರಿಹಾರ ಎಲ್ಲ ಸೇರಿ ಸಣ್ಣ ಕಂಪನಿಗೆ 50,000 ಡಾಲರ್, ಎಷ್ಟೇ ದೊಡ್ಡ ಕಂಪನಿಯಾದರೂ 3 ಲಕ್ಷ. ಫೀಹಾದಲ್ಲಿ ಅಂಥ ಮಿತಿ ಇಲ್ಲ. ಹಾಗಂತ ನಿಮ್ಮ ಈಗಿನ ಕೇಸಿನಿಂದ ಮನೆ ಕಟ್ಟಿಸಬಹುದು ಅಂದುಕೊಳ್ಳಬೇಡಿ. ನಿಯಮ ಹೋಗಬೇಕು, ರಿವ್ಯೂ ತಿದ್ದಬೇಕು, ಕೆಲಸ ಉಳಿಯಬೇಕು. ಈಗ ಕೇಳಬೇಕಾದ್ದು ಇಷ್ಟೇ.

ವೀಸಾ. ನಿಮ್ಮ ಹೆಂಡತಿಯ ಭಯ ಸುಮ್ನೆ ಭಯವಲ್ಲ, ಅದನ್ನು ತಳ್ಳಿಹಾಕಬೇಡಿ. ರಾಜ್ಯದ ಇಲಾಖೆಗೆ ದೂರು ಕೊಟ್ಟರೆ ಅದರಿಂದ ವೀಸಾ ಹೋಗುವುದಿಲ್ಲ. ಫೀಹಾದ ರಕ್ಷಣೆಗೆ ನೀವು ಪ್ರಜೆಯೋ ಅಲ್ಲವೋ ಎನ್ನುವುದೂ ಲೆಕ್ಕವಿಲ್ಲ. ‘ಇಮಿಗ್ರೇಷನ್‌ನವರಿಗೆ ಹೇಳುತ್ತೇನೆ’ ಎಂದು ದೂರು ಕೊಟ್ಟವನನ್ನು ಹೆದರಿಸಿದರೆ ಆ ಹೆದರಿಕೆಯೇ ಇನ್ನೊಂದು ಉಲ್ಲಂಘನೆ. ಇದೆಲ್ಲ ಕಾಗದದ ಮೇಲೆ. ವಾಸ್ತವ ಏನೆಂದರೆ ಕೆಲಸದಿಂದ ತೆಗೆದರೆ ಹೊಸ ಕೆಲಸ ಹುಡುಕಲು ನಿಮಗೆ ಸಿಗುವುದು ಹೆಚ್ಚೆಂದರೆ 60 ದಿನ, ಅದು ಕೇಂದ್ರದ ನಿಯಮ, ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೋದಲ್ಲಿ ಕೂತವರು ಅದಕ್ಕೆ ಏನೂ ಮಾಡಲಾರರು. ಕೇಸು ಗೆಲ್ಲುವ ಹೊತ್ತಿಗೆ ನೀವು ತುಮಕೂರಿನಲ್ಲಿರಬಹುದು. ಹಾಗಾಗಿ ಈಮೇಲ್ ಕಳಿಸುವ ಮೊದಲೇ ರೆಸ್ಯೂಮೆ ಸರಿಮಾಡಿಟ್ಟುಕೊಳ್ಳಿ, ಗ್ರೀನ್ ಕಾರ್ಡ್ ಅರ್ಜಿ ಯಾವ ಹಂತದಲ್ಲಿದೆ ಎಂದು ಒಬ್ಬ ಇಮಿಗ್ರೇಷನ್ ವಕೀಲರ ಹತ್ತಿರ ಒಂದು ಗಂಟೆ ಕೂತು ತಿಳಿದುಕೊಳ್ಳಿ. ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಇನ್ನೊಂದು ಕಡೆಯಿಂದಲೂ ಯೋಚಿಸಿ. ಆ ಮೇಜಿನಲ್ಲಿ ನೀವಿಬ್ಬರೇ ಇದ್ದಿರಾ, ಮೂರನೆಯವರೂ ಇದ್ದರಾ? ಇದ್ದಿದ್ದರೂ ಕಾನೂನು ಬದಲಾಗುವುದಿಲ್ಲ. ಆದರೆ ಚಿತ್ರಾನ್ನದ ಡಬ್ಬಿ ನಡುವೆ ಇಟ್ಟುಕೊಂಡು ನಾವಿಬ್ಬರು ನಗುತ್ತಿದ್ದರೆ ಪಕ್ಕದಲ್ಲಿ ಸ್ಯಾಂಡ್‌ವಿಚ್ ಹಿಡಿದವನಿಗೆ ತನ್ನ ಬಗ್ಗೆಯೇ ನಗುತ್ತಿದ್ದಾರೆ ಅನ್ನಿಸುತ್ತದೆ. ಬೆಂಗಳೂರಿನ ಆಫೀಸಿನಲ್ಲಿ ಪಕ್ಕದವರು ನಮಗೆ ಬರದ ಭಾಷೆಯಲ್ಲಿ ಗುಸುಗುಸು ಮಾಡಿದಾಗ ನಮಗೂ ಹಾಗೇ ಅನ್ನಿಸಿರುತ್ತದೆ. ಅವನ ಬಗ್ಗೆ ನಿಜವಾಗಿಯೂ ಕನ್ನಡದಲ್ಲಿ ಆಡಿಕೊಂಡಿದ್ದರೆ, ಅವನಿಗೂ ಇದೇ ಫೀಹಾ ಇದೆ. ಸ್ಪನ್ ಸ್ಟೀಕ್‌ನ ರಾದ್ಧಾಂತ ಶುರುವಾದದ್ದೇ ಅಂಥ ದೂರಿನಿಂದ.

ಜಾತಿಯ ಪ್ರಶ್ನೆಗೆ ಚಿಕ್ಕದಾಗಿ. 2023 ರಲ್ಲಿ ‘ಜಾತಿ’ ಎಂಬ ಪದವನ್ನೇ ಕಾನೂನಿಗೆ ಸೇರಿಸುವ ಮಸೂದೆ, ಎಸ್‌ಬಿ 403, ಇಲ್ಲಿನ ಎರಡೂ ಸದನದಲ್ಲಿ ಪಾಸಾಯಿತು. ಅಕ್ಟೋಬರ್ 7 ರಂದು ಗವರ್ನರ್ ನ್ಯೂಸಮ್ ಸಹಿ ಹಾಕದೆ ವಾಪಸ್ ಕಳಿಸಿದರು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪಂಗಡ ಗೆದ್ದೆವು ಎಂದು ಕುಣಿಯಿತು. ಅವರು ಕಾರಣ ಓದಿರಲಿಲ್ಲ. ಇಂಥ ತಾರತಮ್ಯ ಈಗಿರುವ ಕಾನೂನಿನಲ್ಲೇ ನಿಷಿದ್ಧ, ಹೊಸದು ಬೇಕಿಲ್ಲ ಎನ್ನುವುದು ಗವರ್ನರ್ ಕೊಟ್ಟ ಕಾರಣ. ವಂಶ, ಮೂಲ, ಧರ್ಮ ಎಂಬ ಪದಗಳು ಕಾನೂನಿನಲ್ಲಿ ಮೊದಲಿನಿಂದಲೂ ಇವೆ. ಅದೇ ನೆಲೆಯ ಮೇಲೆ 2020 ರಲ್ಲಿ ರಾಜ್ಯದ ಇಲಾಖೆ ಸಿಸ್ಕೋ ಕಂಪನಿ ಮೇಲೆ ಜಾತಿ ತಾರತಮ್ಯದ ದಾವೆ ಹೂಡಿತ್ತು. ಕಂಪನಿ ಆರೋಪ ಒಪ್ಪಲಿಲ್ಲ, 2023 ರಲ್ಲಿ ಇಬ್ಬರು ಎಂಜಿನಿಯರ್‌ಗಳ ಮೇಲಿದ್ದ ಭಾಗವನ್ನು ಇಲಾಖೆಯೇ ಕೈಬಿಟ್ಟಿತು. ಪದ ಸೇರಿದ್ದರೆ ಚೆನ್ನಾಗಿತ್ತು ಎನ್ನುವುದು ನನ್ನ ಅಭಿಪ್ರಾಯ, ಯಾಕೆಂದರೆ ‘ವಂಶ’ದೊಳಗೆ ಜಾತಿಯೂ ಇದೆ ಎಂದು ಪ್ರತಿ ಸಲ ಇಲ್ಲಿನ ಜಡ್ಜಿಗೆ ಬಿಡಿಸಿ ಹೇಳುವುದರಲ್ಲೇ ಅರ್ಧ ಕೇಸು ಮುಗಿಯುತ್ತದೆ. ‘ನಿಮ್ಮದು ಯಾವ ಮಠ, ಮನೇಲಿ ತಿಂತೀರಾ’ ಎಂದು ಒಂದು ಸಲ ಕೇಳಿದ್ದು ಕೇಸಾಗುವುದಿಲ್ಲ. ಕೇಳಿದ ಮೇಲೆ ಊಟಕ್ಕೆ ಕರೆಯುವುದು, ಪ್ರಾಜೆಕ್ಟಿಗೆ ಸೇರಿಸುವುದು ಬದಲಾಯಿತಾ, ಅದನ್ನು ಅದೇ ನೋಟ್‌ಬುಕ್‌ನಲ್ಲಿ ಬರೆದಿಡಿ.

ಕೊನೆಗೆ ಡಲ್ಲಾಸ್ ಗೆಳೆಯ. ಅವರ ಕಂಪನಿಯಲ್ಲೂ ಹೀಗೇ ಆಯಿತು ಅಂದಿರಲ್ಲ. ಭಾಷೆಯ ನಿಯಮದ ವಿಷಯದಲ್ಲಿ ಅವರಿಗೆ ಬ್ರೌನ್ಸ್‌ವಿಲ್ ತೀರ್ಪು ಅಡ್ಡ ಬರುತ್ತದೆ. ಆದರೆ ಆಕ್ಸೆಂಟ್, ಮೂಲದ ಕಾರಣಕ್ಕೆ ಬಡ್ತಿ ತಪ್ಪಿದ್ದರೆ, ಕೆಲಸ ಹೋಗಿದ್ದರೆ, ಕಂಪನಿಯಲ್ಲಿ 15 ಜನ ಇದ್ದರೆ, ಅವರಿಗೂ ದಾರಿ ಇದೆ. ಅಲ್ಲಿ ಇಂಥ ದೂರು ನೋಡುವ ರಾಜ್ಯದ ವರ್ಕ್‌ಫೋರ್ಸ್ ಕಮಿಷನ್‌ಗೆ ದೂರು ಕೊಡಲು ಇರುವುದು 180 ದಿನ, ಕೇಂದ್ರದಲ್ಲಿ ಇದೇ ದೂರು ನೋಡುವ ಸಂಸ್ಥೆ ಇಇಒಸಿಗಾದರೆ 300 ದಿನ. ನಿಮ್ಮ ಹಾಗೆ ಮೂರು ವರ್ಷ ಅಲ್ಲ. ಇವತ್ತೇ ಫೋನ್ ಮಾಡಿ ಕೇಳಿ, ಅದು ನಡೆದದ್ದು ಯಾವ ತಿಂಗಳು ಅಂತ.